ದೀರ್ಘ ದೂರದ ಹಾರಾಟದ ಯೋಜನೆ: ಮೈಸೂರಿನಿಂದ ಹೊರಡುವ ಪೈಲಟ್ ಪರವಾನಗಿ ಅಭ್ಯರ್ಥಿಗಳಿಗೆ ಮಾಹಿತಿ

ವಾಣಿಜ್ಯ ಪೈಲಟ್ ಪರವಾನಗಿಯನ್ನು ನೀಡುವ ಪ್ರಾಧಿಕಾರವು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ಹೊರತು ರಾಜ್ಯ ಸರ್ಕಾರವಲ್ಲ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿರುವ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಾಗಲಿ, ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ನಡೆಯುವ ತರಬೇತಿಯಾಗಲಿ ಅಭ್ಯರ್ಥಿಯನ್ನು ಪರವಾನಗಿಗೆ ಸಿದ್ಧಗೊಳಿಸುತ್ತವೆ. ಅರ್ಜಿಯನ್ನು ಮಹಾನಿರ್ದೇಶನಾಲಯದ ಇ-ಜಿಸಿಎ ಜಾಲತಾಣದ ಮೂಲಕವೇ ಸಲ್ಲಿಸತಕ್ಕದ್ದು. ಅರ್ಜಿಯ ಷರತ್ತುಗಳ ಪೈಕಿ ಅಭ್ಯರ್ಥಿಗಳಿಗೂ ಪೋಷಕರಿಗೂ ಹೆಚ್ಚಿನ ಗೊಂದಲವನ್ನುಂಟುಮಾಡುವ ದೀರ್ಘ ದೂರದ ಕ್ರಾಸ್‌ಕಂಟ್ರಿ ಹಾರಾಟವನ್ನು ಕುರಿತು ಇಲ್ಲಿ ವಿವರಿಸಲಾಗಿದೆ.

ನಿಯಮ ಕೇಳುವುದೇನು

1937ರ ವಿಮಾನ ನಿಯಮಗಳ ಎರಡನೆಯ ಅನುಸೂಚಿಯ ಪ್ರಕಾರ ವಾಣಿಜ್ಯ ಪೈಲಟ್ ಪರವಾನಗಿಗೆ ಒಟ್ಟು 200 ಗಂಟೆಗಳ ಹಾರಾಟ ಅಗತ್ಯ. ಇದರಲ್ಲಿ 100 ಗಂಟೆಗಳನ್ನು ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಸಂಪೂರ್ಣ ಹೊಣೆ ಹೊತ್ತು ಹಾರಿರಬೇಕು. ಆ 100ರಲ್ಲಿ ಕನಿಷ್ಠ 15 ಗಂಟೆಗಳು ಅರ್ಜಿಯ ದಿನಾಂಕಕ್ಕೆ ಹಿಂದಿನ ಆರು ತಿಂಗಳೊಳಗಿನವು ಆಗಿರಬೇಕು. ಪೈಲಟ್ ಇನ್ ಕಮಾಂಡ್ ಆಗಿ 20 ಗಂಟೆಗಳ ಕ್ರಾಸ್‌ಕಂಟ್ರಿ ಹಾರಾಟವೂ ಆಗಬೇಕು. ಈ 20 ಗಂಟೆಗಳೊಳಗೆ ಒಂದು ಹಾರಾಟವು 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 556 ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ಇದ್ದು, ಎರಡು ಬೇರೆ ಬೇರೆ ವಿಮಾನ ನಿಲ್ದಾಣಗಳಲ್ಲಿ ಪೂರ್ಣವಾಗಿ ಇಳಿದು ನಿಂತಿರಬೇಕು. ಚಕ್ರ ತಾಗಿಸಿ ಮತ್ತೆ ಮೇಲೇರುವ ಅಭ್ಯಾಸದ ಇಳಿತ ಇದಕ್ಕೆ ಸಾಲದು.

ಗಂಟೆಗಳ ಎಣಿಕೆಯಲ್ಲಿ ಆಗುವ ತಪ್ಪುಗಳು ದುಬಾರಿಯಾದವು. ಇಬ್ಬರು ಸ್ನೇಹಿತರು ಒಂದೇ ವಿಮಾನದಲ್ಲಿ ಹಾರಿ ಅದೇ ಗಂಟೆಯನ್ನು ಇಬ್ಬರೂ ಪೈಲಟ್ ಇನ್ ಕಮಾಂಡ್ ಎಂದು ಬರೆದುಕೊಳ್ಳಲು ಅವಕಾಶವಿಲ್ಲ. ಬೋಧಕರು ಜೊತೆಯಲ್ಲಿ ಕುಳಿತು ಪಾಠ ಹೇಳಿದ ಹಾರಾಟವು ಡ್ಯುಯಲ್ ಆಗುತ್ತದೆ, ಅದರಲ್ಲಿ ಹೊಣೆ ಬೋಧಕರದು. ವಿದ್ಯಾರ್ಥಿ ಪರವಾನಗಿಯ ಮೇಲೆ ಏಕಾಂಗಿಯಾಗಿ ಹಾರುವವರು ಬೋಧಕರ ಅನುಮತಿ ಪಡೆದಿರಬೇಕು, ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. 2011ರಲ್ಲಿ ದೇಶದ ಕೆಲವೆಡೆ ಹಾರದ ಗಂಟೆಗಳನ್ನು ಲಾಗ್‌ಬುಕ್ಕಿನಲ್ಲಿ ತೋರಿಸಿದ ಪ್ರಕರಣಗಳು ಹೊರಬಂದು ಪೊಲೀಸ್ ತನಿಖೆಯವರೆಗೆ ಹೋದವು. ಸಾಲ ಮಾಡಿ ಹಾರಿದ ಗಂಟೆ ಎಣಿಕೆಗೆ ಬಾರದೆ ಹೋಗುವುದು ಒಂದು ನಷ್ಟ. ಹಾರದ ಗಂಟೆಯನ್ನು ಬರೆಯುವುದು ಅಪರಾಧ.

ಮಾರ್ಗದ ಒಂದು ಉದಾಹರಣೆ

ಮೈಸೂರಿನಿಂದ ಹೊರಟು ಶಿವಮೊಗ್ಗ ಹಾಗೂ ಹುಬ್ಬಳ್ಳಿಯಲ್ಲಿ ಇಳಿದು ಹಿಂದಿರುಗುವ ಮಾರ್ಗವನ್ನು ಪರಿಶೀಲಿಸಬಹುದು. ಇದು ವಿವರಣೆಗಾಗಿ ನೀಡಿದ ಉದಾಹರಣೆ ಮಾತ್ರ, ಅನುಮೋದಿತ ಮಾರ್ಗವೆಂದು ಭಾವಿಸಬಾರದು. ಮೈಸೂರಿನಿಂದ ಶಿವಮೊಗ್ಗಕ್ಕೆ ನೇರವಾಗಿ ಸುಮಾರು 115 ನಾಟಿಕಲ್ ಮೈಲಿ, ಅಲ್ಲಿಂದ ಹುಬ್ಬಳ್ಳಿಗೆ ಸುಮಾರು 95, ಹುಬ್ಬಳ್ಳಿಯಿಂದ ಮೈಸೂರಿಗೆ ಸುಮಾರು 209.

ನಕ್ಷೆಯ ಮೇಲೆ ಸ್ಕೇಲು ಇಟ್ಟು ಎಳೆದ ನೇರ ಗೆರೆ ಎಲ್ಲ ವೇಳೆಯಲ್ಲೂ ಒಳ್ಳೆಯ ದಾರಿಯಲ್ಲ. ಮೈಸೂರು–ಶಿವಮೊಗ್ಗ ನೇರ ಗೆರೆಯು ಬಾಬಾಬುಡನ್‌ಗಿರಿ ಶ್ರೇಣಿಯ ಅಂಚಿನಲ್ಲಿ ಹಾದುಹೋಗುತ್ತದೆ. ಅದರ ಎಡಕ್ಕೆ ಸುಮಾರು ಹತ್ತು ನಾಟಿಕಲ್ ಮೈಲಿಯೊಳಗೇ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇದೆ. ಮಲೆನಾಡಿನ ಮೋಡ ಬೆಟ್ಟದ ತುದಿಯನ್ನು ಮುಚ್ಚಲು ಹೆಚ್ಚು ಹೊತ್ತು ಬೇಕಾಗಿಲ್ಲ. ಮೊದಲು ಅರಸೀಕೆರೆಗೆ ಹೋಗಿ, ಅಲ್ಲಿಂದ ಬೀರೂರು, ತರೀಕೆರೆ, ಭದ್ರಾವತಿಗಳ ರೈಲು ಮಾರ್ಗವನ್ನು ಹಿಡಿದರೆ ಬೆಟ್ಟಗಳು ಎಡಗಡೆ ದೂರದಲ್ಲಿ ಉಳಿಯುತ್ತವೆ. ಹೆಚ್ಚುವರಿ ದೂರ ಐದು ನಾಟಿಕಲ್ ಮೈಲಿಯಷ್ಟೇ. ಈ ದಾರಿಯಲ್ಲಿ ಗುರುತುಗಳೂ ಧಾರಾಳವಾಗಿವೆ. ಹೊರಟ ಸ್ವಲ್ಪ ಹೊತ್ತಿಗೆ ಕೃಷ್ಣರಾಜಸಾಗರದ ನೀರು, ಮುಂದೆ ಬಲಗಡೆ ಶ್ರವಣಬೆಳಗೊಳದ ಬೆಟ್ಟ, ಚನ್ನರಾಯಪಟ್ಟಣ, ಬಳಿಕ ಅರಸೀಕೆರೆ ಜಂಕ್ಷನ್. ನೆಲವನ್ನು ಕಣ್ಣಿನಿಂದ ನೋಡಿ ಹಾರುವ ಅಭ್ಯರ್ಥಿಗೆ ರೈಲು ಹಳಿಗಿಂತ ನಂಬಿಕಸ್ಥ ಗುರುತು ಇನ್ನೊಂದಿಲ್ಲ. ಗೆರೆ ಎಳೆಯುವ ಮೊದಲು ನಿಷೇಧಿತ ಹಾಗೂ ನಿರ್ಬಂಧಿತ ವಾಯುಪ್ರದೇಶಗಳನ್ನು ಚಾಲ್ತಿಯಲ್ಲಿರುವ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳತಕ್ಕದ್ದು.

ಮಂಗಳೂರಿಗೆ ಹೋಗುವ ಯೋಚನೆಯುಳ್ಳವರು ಘಟ್ಟವನ್ನು ಎರಡು ಬಾರಿ ದಾಟಬೇಕಾಗುವುದನ್ನು ಗಮನಿಸಬೇಕು. ಬೆಂಗಳೂರಿನ ಸುತ್ತ ಕೆಂಪೇಗೌಡ, ಎಚ್‌ಎಎಲ್, ಯಲಹಂಕ ಹಾಗೂ ಜಕ್ಕೂರು ನಿಲ್ದಾಣಗಳು ಒತ್ತೊತ್ತಾಗಿವೆ. ಬೆಸ ಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ಅಲ್ಲಿಯ ಆಕಾಶವನ್ನು ಆಗಾಗ ಮುಚ್ಚಲಾಗುತ್ತದೆ. ಮೈಸೂರಿನಲ್ಲಿಯೂ ದಸರಾ ಸಮಯದಲ್ಲಿ ಕೆಲವು ವರ್ಷ ವಾಯುಪಡೆಯ ಪ್ರದರ್ಶನ ಏರ್ಪಡುವುದುಂಟು. ಇಂತಹ ನಿರ್ಬಂಧಗಳನ್ನು ನೋಟಾಮ್ ಎಂಬ ಸೂಚನೆಯ ಮೂಲಕ ಪ್ರಕಟಿಸಲಾಗುತ್ತದೆ. ಹಿಂದಿನ ದಿನ ಓದಿದ್ದರೂ ಹೊರಡುವ ಬೆಳಿಗ್ಗೆ ಅದನ್ನು ಮತ್ತೊಮ್ಮೆ ಓದಬೇಕು.

ಇಂಧನದ ಲೆಕ್ಕ

ಅರಸೀಕೆರೆಯ ಮೂಲಕ ಹೋದರೆ ಮೇಲಿನ ಮಾರ್ಗದ ಒಟ್ಟು ದೂರ ಸುಮಾರು 425 ನಾಟಿಕಲ್ ಮೈಲಿ. ಸೆಸ್ನಾ 172 ಮಾದರಿಯ ವಿಮಾನ ಗಂಟೆಗೆ 100 ನಾಟಿಕಲ್ ಮೈಲಿಯಂತೆ ಹೋದರೆ ನಾಲ್ಕೂಕಾಲು ಗಂಟೆ ಬೇಕು. ಗಂಟೆಗೆ ಸುಮಾರು 35 ಲೀಟರಿನಂತೆ 149 ಲೀಟರ್ ಆಗುತ್ತದೆ. ನೆಲದ ಮೇಲಿನ ಓಡಾಟಕ್ಕೂ ಮೂರು ಬಾರಿ ಮೇಲೇರುವುದಕ್ಕೂ ಇನ್ನೊಂದು 12 ಲೀಟರ್ ಇಟ್ಟುಕೊಂಡರೆ 161. ಹಗಲಿನ ಹಾರಾಟಕ್ಕೆ ಉಳಿಸಿಕೊಳ್ಳಬೇಕಾದ 30 ನಿಮಿಷದ ಇಂಧನ ಸುಮಾರು 18 ಲೀಟರ್ ಸೇರಿ 179. ಈ ಮಾದರಿಯ ಹೊಸ ವಿಮಾನಗಳಲ್ಲಿ ಬಳಕೆಗೆ ಸಿಗುವ ಇಂಧನ ಸುಮಾರು 200 ಲೀಟರ್. ಕಾಗದದ ಮೇಲೆ 21 ಲೀಟರ್ ಮಿಗುತ್ತದೆ.

ಹುಬ್ಬಳ್ಳಿಯಿಂದ ಹಿಂದಿರುಗುವಾಗ 20 ನಾಟ್ ಎದುರುಗಾಳಿ ಬೀಸಿದರೆ ನೆಲದ ಮೇಲಿನ ವೇಗ 80ಕ್ಕೆ ಇಳಿದು, ಎರಡು ಗಂಟೆ ಐದು ನಿಮಿಷದ ದಾರಿ ಎರಡು ಗಂಟೆ 37 ನಿಮಿಷವಾಗುತ್ತದೆ. ಅಷ್ಟಕ್ಕೇ 18 ಲೀಟರಿಗಿಂತ ಹೆಚ್ಚು ಇಂಧನ ಖರ್ಚಾಗಿ, ಮಿಕ್ಕಿದ್ದ 21 ಲೀಟರ್ ಎರಡು ಮೂರಕ್ಕೆ ಬಂದು ನಿಲ್ಲುತ್ತದೆ. ಸೆಸ್ನಾ 152 ಮಾದರಿಯಲ್ಲಿ ಸಾಮಾನ್ಯ ಟ್ಯಾಂಕಿನ ಬಳಕೆಯ ಇಂಧನ ಸುಮಾರು 93 ಲೀಟರ್; ಗಂಟೆಗೆ 23 ಲೀಟರಿನಂತೆ ನಾಲ್ಕು ಗಂಟೆಗೇ ಮುಗಿಯುವುದರಿಂದ ನಡುವೆ ತುಂಬಿಸದೆ ಈ ಹಾರಾಟ ಸಾಧ್ಯವೇ ಇಲ್ಲ. ಅಭ್ಯರ್ಥಿಯು ಇಲ್ಲಿಯ ಅಂಕಿಗಳನ್ನು ಬಳಸದೆ ತಾನು ಹಾರಿಸುವ ವಿಮಾನದ ಕೈಪಿಡಿಯ ಅಂಕಿಗಳಿಂದಲೇ ಲೆಕ್ಕ ಮಾಡತಕ್ಕದ್ದು.

ನಡುವೆ ಇಂಧನ ಸಿಗುತ್ತದೆಯೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಪ್ರಯಾಣಿಕ ವಿಮಾನಗಳಿಗೆ ತುಂಬಿಸುವ ಜೆಟ್ ಇಂಧನವು ಈ ಪೆಟ್ರೋಲ್ ಎಂಜಿನುಗಳಿಗೆ ಆಗದು, ತಪ್ಪಿ ತುಂಬಿಸಿದರೆ ಎಂಜಿನ್ ಆಕಾಶದಲ್ಲಿ ನಿಲ್ಲಬಹುದು. ಬೇಕಾದ ಏವ್‌ಗ್ಯಾಸ್ ಎಲ್ಲ ನಿಲ್ದಾಣಗಳಲ್ಲಿ ದೊರೆಯುವುದಿಲ್ಲ. ದೊಡ್ಡ ನಿಲ್ದಾಣವೆಂದ ಮಾತ್ರಕ್ಕೆ ಇಂಧನ ಇರುತ್ತದೆಂದು ಭಾವಿಸದೆ, ಹೊರಡುವ ಮೊದಲೇ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಮೈಸೂರು ಮಹಾರಾಜರ ಪೈಲಟ್ ಆಗಿದ್ದ ವಿ. ಸುಂದರಂ ಅವರು ಪತ್ನಿ ಉಷಾ ಸುಂದರಂ ಅವರೊಡನೆ 1951ರಲ್ಲಿ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದಾಗಲೂ ದಾರಿಯಲ್ಲಿ ಇಳಿಯುತ್ತಲೇ ಬಂದರು.

ಹವಾಮಾನ ಮತ್ತು ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಅಂಚಿನ ಮಾರ್ಗಗಳನ್ನು ಬಿಡುವುದು ಲೇಸು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಏಳುತ್ತದೆ. ಬಿಸಿಲಿನ ಇನ್ನೊಂದು ಪರಿಣಾಮವನ್ನು ಹೊಸಬರು ಮರೆಯುತ್ತಾರೆ. ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 2,350 ಅಡಿ ಎತ್ತರದಲ್ಲಿದೆ. ಉಷ್ಣಾಂಶ 35 ಡಿಗ್ರಿ ತಲುಪಿದಾಗ ಅಲ್ಲಿಯ ಗಾಳಿ ಸುಮಾರು 5,300 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. 1,740 ಮೀಟರಿನ ರನ್‌ವೇ ಸಣ್ಣ ವಿಮಾನಕ್ಕೆ ಸಾಕು. ಆದರೆ ತುಂಬಿದ ಟ್ಯಾಂಕಿನೊಂದಿಗೆ ಮೇಲೇರುವ ವೇಗ ಕುಗ್ಗುತ್ತದೆ, ಉತ್ತರಕ್ಕೆ ಐದು ಕಿಲೋಮೀಟರಿನಷ್ಟರಲ್ಲಿ ಚಾಮುಂಡಿ ಬೆಟ್ಟವಿದೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ದಿನಗಳು ಅನುಕೂಲ. ಆಗಲೂ ಬೆಳಗಿನ ಮಂಜು ಕರಗುವವರೆಗೆ ಕಾಯಬೇಕು. ಸೂರ್ಯಾಸ್ತದ 20 ನಿಮಿಷದ ನಂತರ ಇಂತಹ ದೃಶ್ಯ ಹಾರಾಟಕ್ಕೆ ಅವಕಾಶವಿಲ್ಲದ ಕಾರಣ, ಎರಡು ನಿಲ್ದಾಣಗಳಲ್ಲಿ ಆಗಬಹುದಾದ ವಿಳಂಬವನ್ನೂ ಸೇರಿಸಿಯೇ ಹೊರಡುವ ವೇಳೆಯನ್ನು ನಿಗದಿಪಡಿಸತಕ್ಕದ್ದು.

ಅನುಮತಿಗಳು

ಮೈಸೂರು ಮತ್ತು ಹುಬ್ಬಳ್ಳಿ ನಿಲ್ದಾಣಗಳು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದವು. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವನ್ನು ರಾಜ್ಯ ಸರ್ಕಾರದ ಸಂಸ್ಥೆ ನಿರ್ವಹಿಸುತ್ತದೆ. ಹೀಗಾಗಿ ಇಳಿಯುವ ಅನುಮತಿಯನ್ನು ಬೇರೆ ಬೇರೆ ಕಡೆ ಕೇಳಬೇಕಾಗುತ್ತದೆ. ಸಣ್ಣ ನಿಲ್ದಾಣಗಳು ದಿನವಿಡೀ ತೆರೆದಿರುವುದಿಲ್ಲ, ಕೆಲಸದ ವೇಳೆಯನ್ನು ಮೊದಲೇ ತಿಳಿಯಬೇಕು. ಹಾರಾಟ ಯೋಜನೆಯನ್ನು ಹೊರಡುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಸಲ್ಲಿಸಿ, ವಾಯು ರಕ್ಷಣಾ ಅನುಮತಿ ಸಂಖ್ಯೆಯನ್ನೂ ಚೆನ್ನೈ ವಿಮಾನ ಮಾಹಿತಿ ಕೇಂದ್ರದ ಸಂಖ್ಯೆಯನ್ನೂ ಪಡೆಯತಕ್ಕದ್ದು. ತರಬೇತಿ ಸಂಸ್ಥೆಗಳು ಸಾಮಾನ್ಯವಾಗಿ ಇದನ್ನು ಮಾಡಿಕೊಡುತ್ತವೆ. ಆದರೂ ಅಭ್ಯರ್ಥಿಯು ಒಮ್ಮೆಯಾದರೂ ಸ್ವತಃ ಮಾಡಿ ಕಲಿತಿರುವುದು ಒಳ್ಳೆಯದು.

ಅರ್ಧ ದಾರಿಯಿಂದ ಹಿಂದಿರುಗಿದರೆ

ಹಿಂದಿರುಗಿದರೆ ಎಲ್ಲವೂ ವ್ಯರ್ಥವಾಯಿತೆಂಬ ಭಯದಿಂದ ಕೆಲವರು ಕೆಟ್ಟ ಹವೆಯಲ್ಲಿಯೂ ಮುಂದೆ ಸಾಗುತ್ತಾರೆ. ಈ ಭಯಕ್ಕೆ ನಿಯಮದಲ್ಲಿ ಆಧಾರವಿಲ್ಲ. ಬೀರೂರಿನ ಬಳಿ ಮೋಡ ಕಂಡು ಮೈಸೂರಿಗೆ ಮರಳಿದ ಅಭ್ಯರ್ಥಿಗೆ ಆ ದಿನ 300 ನಾಟಿಕಲ್ ಮೈಲಿಯ ಷರತ್ತು ಪೂರೈಸುವುದಿಲ್ಲ, ನಿಜ. ಆದರೆ ಹಾರಿದ ಸಮಯವು ಒಟ್ಟು 200 ಗಂಟೆಗಳ ಹಾಗೂ ಪೈಲಟ್ ಇನ್ ಕಮಾಂಡ್‌ನ 100 ಗಂಟೆಗಳ ಲೆಕ್ಕದಲ್ಲಿ ಉಳಿಯುತ್ತದೆ. ದೀರ್ಘ ಹಾರಾಟವನ್ನು ಇನ್ನೊಂದು ದಿನ ಮಾಡಬಹುದು. ಆದ್ದರಿಂದ ಅಗತ್ಯ ಗಂಟೆಗಳ ಕೊನೆಯ ದಿನಗಳಿಗೆ ಈ ಹಾರಾಟವನ್ನು ಉಳಿಸಿಕೊಳ್ಳದೆ, ಮತ್ತೊಮ್ಮೆ ಪ್ರಯತ್ನಿಸಲು ಗಂಟೆ ಹಾಗೂ ಹಣ ಎರಡೂ ಇರುವಾಗಲೇ ಮಾಡುವುದು ಸೂಕ್ತ. ಯಾವ ಊರಿನ ಮೇಲೆ, ಎಷ್ಟು ಇಂಧನ ಉಳಿದಿರುವಾಗ, ಏನು ಕಂಡರೆ ಹಿಂದಿರುಗಬೇಕೆಂಬುದನ್ನು ಬೋಧಕರೊಡನೆ ನೆಲದ ಮೇಲೆಯೇ ತೀರ್ಮಾನಿಸಿ ಕಾಗದದಲ್ಲಿ ಬರೆದುಕೊಂಡು ಹೊರಡತಕ್ಕದ್ದು.

ಹಾರಾಟ ಮುಗಿದ ದಿನವೇ ಲಾಗ್‌ಬುಕ್ಕಿನಲ್ಲಿ ದಿನಾಂಕ, ವಿಮಾನದ ನೋಂದಣಿ ಗುರುತು, ಮಾರ್ಗ, ಇಳಿದ ನಿಲ್ದಾಣಗಳು ಹಾಗೂ ಸಮಯವನ್ನು ನಮೂದಿಸಿ ಸಂಸ್ಥೆಯ ಅಧಿಕೃತ ವ್ಯಕ್ತಿಯಿಂದ ದೃಢೀಕರಿಸಿಕೊಳ್ಳಬೇಕು. ಹಾರಾಟ ಯೋಜನೆಯ ಪ್ರತಿಯನ್ನೂ ಎರಡೂ ನಿಲ್ದಾಣಗಳಲ್ಲಿ ದೊರೆತ ರಸೀದಿಗಳನ್ನೂ ಲಾಗ್‌ಬುಕ್ಕಿನೊಂದಿಗೆ ಇಟ್ಟುಕೊಂಡಿದ್ದರೆ, ಅರ್ಜಿಯ ಪರಿಶೀಲನೆಯ ವೇಳೆ ಪ್ರಶ್ನೆ ಬಂದಾಗ ಅವುಗಳನ್ನು ಹಾಜರುಪಡಿಸಬಹುದು.