ಲೆಕ್ಕಕ್ಕೆ ಸಿಗದೆ ಹೋದ ತಿಮಿಂಗಿಲಗಳು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳಿವೆ ಎಂಬುದನ್ನು ಓದಿದ ಹಡಗಲಿಯ ಓದುಗರೊಬ್ಬರು, ಎಣಿಸುವವರು ಊರವರನ್ನು ಕೇಳುತ್ತಾರೆಯೇ, ಕೇಳಿದರೆ ಅದು ವಿಜ್ಞಾನವಾಗುತ್ತದೆಯೇ ಎಂದು ವಿಚಾರಿಸಿದ್ದಾರೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉತ್ತರ ಇರುವುದು ಉತ್ತರ ಧ್ರುವದ ಹತ್ತಿರ.

ಅಲಾಸ್ಕಾದ ತುದಿಯಲ್ಲಿರುವ ಬ್ಯಾರೋ ಊರಿಗೆ ಈಗ ಉತ್ಕಿಯಾಗ್ವಿಕ್ ಎಂದು ಹೆಸರು. ಅಲ್ಲಿನ ಇನುಪಿಯಾಟ್ ಜನಕ್ಕೆ ಬೋಹೆಡ್ ತಿಮಿಂಗಿಲವೇ ಅನ್ನ. ಉಳಿದಿರುವುದು ಹೆಚ್ಚೆಂದರೆ ಎರಡು ಸಾವಿರ ಎಂಬ ಅಂದಾಜಿನ ಮೇಲೆ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1977ರಲ್ಲಿ ಅವರ ಬೇಟೆಯನ್ನು ನಿಷೇಧಿಸಿತು. ಬೇಟೆಗಾರರು ಅದೇ ವರ್ಷ ತಮ್ಮದೇ ಆಯೋಗ ಕಟ್ಟಿಕೊಂಡು, ಲೆಕ್ಕ ತಪ್ಪಿದೆ ಎಂದರು. ಎಣಿಸುವವರು ಮಂಜುಗಡ್ಡೆಯ ದಿಬ್ಬದ ಮೇಲೆ ಕೂತು, ಗಡ್ಡೆಗಳ ನಡುವೆ ತೆರೆದ ನೀರಿನ ಸೀಳಿನಲ್ಲಿ ತಲೆ ಎತ್ತುವ ಪ್ರಾಣಿಗಳನ್ನಷ್ಟೇ ಲೆಕ್ಕ ಹಾಕುತ್ತಿದ್ದರು. ಸೀಳು ಮುಚ್ಚಿದರೆ ತಿಮಿಂಗಿಲಗಳ ಪ್ರಯಾಣವೂ ನಿಲ್ಲುತ್ತದೆ ಎಂದು ನಂಬಿದ್ದರು. ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್, ಅಲ್ಲಿ ಸಂಶೋಧನೆಗೆ ಬಂದಿದ್ದ ಪಶುವೈದ್ಯ ಥಾಮಸ್ ಆಲ್ಬರ್ಟ್‌ಗೆ ಹೇಳಿದ್ದು ಬೇರೆ. ಅವು ದೂರದಲ್ಲಿ ಗಡ್ಡೆಯ ಅಡಿಯಲ್ಲೇ ಸಾಗುತ್ತವೆ, ಉಸಿರಿಗೆ ಬೇಕಾದಾಗ ತಲೆಯಿಂದ ಗುದ್ದಿ ಗಡ್ಡೆ ಒಡೆಯುತ್ತವೆ.

ಆಲ್ಬರ್ಟ್ ಈ ಮಾತನ್ನು ತಳ್ಳಿಹಾಕಲಿಲ್ಲ, ಸುಮ್ಮನೆ ಒಪ್ಪಲೂ ಇಲ್ಲ. ಪರೀಕ್ಷೆಗೆ ಒಡ್ಡಿದರು.

ಕಾಣದ್ದನ್ನು ಎಣಿಸುವುದು ಹೇಗೆ? ಮೈಲಾರದ ಜಾತ್ರೆಯಲ್ಲಿ ಒಮ್ಮೆ ಕಣ್ಣು ಮುಚ್ಚಿ ನಿಂತು ನೋಡಿ. ಗೊರವಪ್ಪನ ಡಮರುಗ ಎಡಗಡೆ ಬಡಿದರೆ ಎಡಗಡೆಯೇ ಎಂದು ತಿಳಿಯುತ್ತದೆ, ಏಕೆಂದರೆ ಸದ್ದು ಎಡಗಿವಿಗೆ ಕೂದಲೆಳೆಯಷ್ಟು ಮೊದಲು ತಲುಪುತ್ತದೆ. ಎರಡು ಕಿವಿ ದಿಕ್ಕನ್ನಷ್ಟೇ ಹೇಳಬಲ್ಲವು. ಬಯಲಿನಲ್ಲಿ ದೂರ ದೂರಕ್ಕೆ ಮೂರು ನಾಲ್ಕು ಜನ ನಿಂತು, ಸದ್ದು ಯಾರಿಗೆ ಯಾವ ಗಳಿಗೆಯಲ್ಲಿ ಕೇಳಿತೆಂದು ಗುರುತು ಹಾಕಿಕೊಂಡರೆ ಗೊರವಪ್ಪ ನಿಂತ ಜಾಗವೇ ಸಿಗುತ್ತದೆ. ಹತ್ತು ಡಮರುಗಗಳಿದ್ದರೂ ಜಾಗದ ಮೇಲೆ ಬೇರೆ ಬೇರೆಯಾಗಿ ಎಣಿಸಬಹುದು. ನೀರಿನೊಳಗಿನ ಸದ್ದು ಹಿಡಿಯುವ ಹೈಡ್ರೋಫೋನುಗಳನ್ನು 1980ರ ದಶಕದಲ್ಲಿ ಗಡ್ಡೆಯ ಕೆಳಗೆ ಸಾಲಾಗಿ ಇಳಿಬಿಟ್ಟು ಮಾಡಿದ್ದು ಇದನ್ನೇ. ಸೀಳು ಮುಚ್ಚಿದ ದಿನಗಳಲ್ಲೂ ತಿಮಿಂಗಿಲಗಳು ಕೂಗುತ್ತಾ ಸಾಗುತ್ತಿದ್ದವು. ಬ್ರೋವರ್ ಹೇಳಿದಂತೆಯೇ! 2001ರ ಎಣಿಕೆ ಹತ್ತು ಸಾವಿರ ದಾಟಿತು, 2011ರದ್ದು ಹದಿನಾರು ಸಾವಿರ. ನಡುವೆ ಸಂತತಿಯೂ ನಿಜಕ್ಕೂ ಬೆಳೆದಿತ್ತು. ಆದರೆ ಮೊದಲ ಅಂದಾಜು ಕಮ್ಮಿಯಾಗಿದ್ದುದಂತೂ ಸ್ಪಷ್ಟ.

ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂದು ಈ ಕಥೆಯನ್ನು ಮೆರೆಸುವವರನ್ನು ನಾನು ಒಪ್ಪುವುದಿಲ್ಲ. ಮೈಲಾರದ ಕಾರಣಿಕ ಭಕ್ತಿಯಿಂದ ಕೇಳುವ ನುಡಿ, ಅದಕ್ಕೆ ಅಳತೆಗೋಲು ಹಿಡಿಯಬೇಕಾಗಿಲ್ಲ. ಬ್ರೋವರ್ ನುಡಿದದ್ದು ಕಣ್ಣಾರೆ ಕಂಡ ಸಂಗತಿ, ಸುಳ್ಳಾಗಿದ್ದರೆ ಹೈಡ್ರೋಫೋನ್ ಅದನ್ನೂ ತೋರಿಸಿಬಿಡುತ್ತಿತ್ತು. ಅದರ ಬೆಲೆ ಇರುವುದು ಅಲ್ಲೇ.

ಈಗ ಅಂಕಸಮುದ್ರಕ್ಕೆ ಬರೋಣ. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ 244 ಎಕರೆಯ ಕೆರೆ ಇದು. ನೀರಿನಲ್ಲೇ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೋಟೆಗೆ ಕಂದಕ ಇದ್ದಂತೆ ಈ ನೀರು, ಕಾಡುಬೆಕ್ಕು ಸುಲಭವಾಗಿ ಮರ ಹತ್ತಲಾರದು. ಆದರೆ ಹೊಟ್ಟೆಗೆ ಆಳವಿಲ್ಲದ ನೀರು ಬೇಕು. ಬಣ್ಣದ ಕೊಕ್ಕರೆ ಕೊಕ್ಕು ಅರೆತೆರೆದು ಕೆಸರುನೀರಿನಲ್ಲಿ ಆಡಿಸುತ್ತದೆ, ಮೀನು ತಗುಲಿದೊಡನೆ ಕೊಕ್ಕು ಮುಚ್ಚುತ್ತದೆ. ಕೊಕ್ಕು ಮುಚ್ಚುವ ಈ ವೇಗವನ್ನು ಇದರ ಅಮೆರಿಕದ ದಾಯಾದಿಯಲ್ಲಿ 1963ರಲ್ಲೇ ಅಳೆದಿದ್ದಾರೆ: ಸೆಕೆಂಡಿನ ನಲವತ್ತನೇ ಒಂದು ಭಾಗ ಸಾಕು. ನೀರು ಇಳಿದು ಮೀನು ಒತ್ತೊತ್ತಾದಾಗಲೇ ಈ ಬೇಟೆ ಗಿಟ್ಟುವುದು. ಹಾಗಾಗಿ ಮರದಡಿ ಎಷ್ಟು ನೀರು, ಅಂಚಿನಲ್ಲಿ ಎಷ್ಟು ಎಂಬುದರ ಮೇಲೆ ಮರಿಗಳ ಪ್ರಾಣ ನಿಂತಿದೆ.

ಯಾವ ವರ್ಷ ಕೋಡಿ ಬಿತ್ತು, ಯಾವ ತಿಂಗಳು ತೂಬು ತೆರೆದರು, ಕೊಕ್ಕರೆ ಯಾವ ಮರ ಬಿಟ್ಟು ಯಾವ ಮರಕ್ಕೆ ಹೋಯಿತು ಎಂಬುದನ್ನು ನೀರುಗಂಟಿ, ಮೀನುಗಾರ, ಕುರಿಗಾಹಿಗಳ ಹತ್ತಿರ ಕೇಳಬೇಕು. ಈ ಕೆರೆ ಸಂರಕ್ಷಣಾ ಮೀಸಲು. ಅಂಥ ಮೀಸಲಿನ ಸಮಿತಿಯಲ್ಲಿ ಗ್ರಾಮ ಪಂಚಾಯ್ತಿಯ ಪ್ರತಿನಿಧಿ ಇರಲೇಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಆ ಕುರ್ಚಿಯಲ್ಲಿ ಕೂತವರು ಇಷ್ಟು ಮಾಡಿಸಲಿ: ಹಕ್ಕಿ ಎಣಿಸಲು ಏರಿ ಹತ್ತಿದ ದಿನ ತೂಬಿನ ಬಳಿ ನೀರು ಎಷ್ಟು ಅಡಿ ಇತ್ತೆಂದು ಅದೇ ಪುಸ್ತಕದಲ್ಲಿ ಬರೆಯಲಿ, ಪಕ್ಕದಲ್ಲಿ ನೀರುಗಂಟಿ ಹೇಳಿದ್ದನ್ನೂ ದಿನಾಂಕ ಹಾಕಿ ಬರೆದಿಡಲಿ.