ಕಾರ್ಯಕರ್ತೆಗೆ ಕೂಲಿ ಎಷ್ಟು?

ಆಂಧ್ರದ ರಾಯದುರ್ಗದಲ್ಲಿ ಜೀನ್ಸ್ ಹೊಲಿಯೋ ಹೆಣ್ಣುಮಗಳಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾನೂನಿದೆ. ಅದೇ ಹೆಣ್ಣುಮಗಳು ಪಕ್ಷದ ಬಾವುಟ ಹಿಡಿದು, ಬಿಸಿಲಲ್ಲಿ ಮನೆಮನೆ ತಿರುಗಿದರೆ? ಆಗ ಅವಳು ‘ಕಾರ್ಯಕರ್ತೆ’. ಪದ ನೋಡಿ, ಎಷ್ಟು ದೊಡ್ಡದು!

2022ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್ ಹೇಳಿತು: ಪಕ್ಷಕ್ಕೂ ಕಾರ್ಯಕರ್ತರಿಗೂ ಮಾಲೀಕ–ನೌಕರ ಸಂಬಂಧವಿಲ್ಲ. ಹಾಗಾಗಿ ಆ ಕಾನೂನು ಹೇಳುವ ಆಂತರಿಕ ದೂರು ಸಮಿತಿ ಪಕ್ಷಗಳಿಗೆ ಕಡ್ಡಾಯವಲ್ಲ. ಸಮಾನತೆಯ ಭಾಷಣ ಬಿಗಿಯೋ ಪಕ್ಷಕ್ಕೂ ಇದೇ ವಿನಾಯಿತಿ.

ಇನ್ನು ದುಡ್ಡು. ಆಂಧ್ರದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. ಜೀಪು, ಶಾಮಿಯಾನ, ಊಟ, ಎಲ್ಲಕ್ಕೂ ಲೆಕ್ಕ. ಪುಕ್ಕಟೆ ಸವೆದ ಚಪ್ಪಲಿಗೆ?

2024ರ ವಿಧಾನಸಭಾ ಚುನಾವಣೆಯಲ್ಲಿ ಆಂಧ್ರದ ಗಡಿ ಕ್ಷೇತ್ರ ಮಡಕಶಿರಾದ ಗೆಲುವಿನ ಅಂತರ ಬರೀ 351 ಮತ. ಎರಡು ಓಣಿ, ಅಷ್ಟೇ! ಆ ಓಣಿಯಲ್ಲಿ ಕನ್ನಡ, ತೆಲುಗು ಎರಡೂ ಆಡುತ್ತಾ ಅಡುಗೆಮನೆವರೆಗೂ ಹೋಗಿ ಮತ ಕೇಳಬಲ್ಲವರು ಹೆಂಗಸರೇ ಅಲ್ವಾ?

ಅಂಗನವಾಡಿಯವರೂ ‘ಕಾರ್ಯಕರ್ತೆ’ಯರೇ. ಆಂಧ್ರದಲ್ಲಿ ಅವರು 2023ರ ಡಿಸೆಂಬರ್‌ನಿಂದ 42 ದಿನ ಮುಷ್ಕರ ಹೂಡಿದರು. ಸರ್ಕಾರ ಅತ್ಯಗತ್ಯ ಸೇವೆಗಳ ಕಾಯ್ದೆ ‘ಎಸ್ಮಾ’ ಹೇರಿತು. ದುಡ್ಡು ಕೊಡುವಾಗ ಅದು ಬರೀ ಗೌರವಧನ. ಕೆಲಸ ನಿಂತಾಗ ಮಾತ್ರ ಅತ್ಯಗತ್ಯ ಸೇವೆ.