ಗೂಡಿನ ಊರು ಶಿಡ್ಲಘಟ್ಟ

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋದವರಿಗೆ ಮೊದಲು ಎದುರಾಗುವುದು ವಾಸನೆ. ಮೂಗು ಮುಚ್ಚಿಕೊಂಡು ವಾಪಸಾದರೆ ಒಳಗಿನ ಗಮ್ಮತ್ತು ತಪ್ಪಿಹೋಗುತ್ತದೆ. ಸಾಲು ಸಾಲು ಜಾಲರಿಗಳಲ್ಲಿ ಸುರಿದ ಗೂಡು: ತಿಳಿಹಳದಿಯ ಮಿಶ್ರತಳಿ, ಬೆಳ್ಳನೆಯ ದ್ವಿತಳಿ. ಗೂಡು ಕೊಂಡು ನೂಲು ಬಿಚ್ಚುವ ರೀಲರ್ ಒಬ್ಬರು ನಾಲ್ಕು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಪ್ಯೂಪಾ ಲೊಟಲೊಟ ಎಂದರೆ ಸರಿ; ಸದ್ದೇ ಇಲ್ಲದಿದ್ದರೆ ಹುಳು ಒಳಗೇ ಸತ್ತು ಅಂಟಿಕೊಂಡಿರಬಹುದು. ಆಮೇಲೆ ಹೆಬ್ಬೆರಳಲ್ಲಿ ಅದುಮಿ ಗಟ್ಟಿತನ ನೋಡುವುದು. ಪಕ್ಕದ ರೀಲರ್ ಜೊತೆ ದಖನಿ ಉರ್ದು, ರೈತನ ಜೊತೆ ತೆಲುಗು, ಸಾಹೇಬರ ಜೊತೆ ಕನ್ನಡ. ಮೂರೂ ಒಂದೇ ಉಸಿರಿನಲ್ಲಿ.

ಹೀಗೆ ಭಾಷೆಗಳು ಬೆರೆಯುವ ಈ ಗಡಿಯ ಪೇಟೆ ಇನ್ನೊಂದು ಗಡಿಯ ಊರನ್ನು ನೆನಪಿಸುತ್ತದೆ. ಎರಡು ಖಂಡಗಳ ಮೇಲೆ ಕಾಲೂರಿ ನಿಂತ ನಗರ ಎಂದರೆ ಎಲ್ಲರ ಬಾಯಿಗೂ ಬರುವುದು ಇಸ್ತಾಂಬುಲ್. ಬಾಸ್ಫರಸ್ ಜಲಸಂಧಿಯ ಮೇಲೆ ಮೊದಲ ತೂಗುಸೇತುವೆ ಬಂದದ್ದು 1973ರಲ್ಲಿ. ಅದಕ್ಕೂ ಎಷ್ಟೋ ಶತಮಾನ ಮುಂಚೆ ಏಷ್ಯಾ, ಯುರೋಪುಗಳನ್ನು ಅಲ್ಲಿ ಬೆಸೆದಿದ್ದು ವ್ಯಾಪಾರ, ಅದರಲ್ಲೂ ರೇಷ್ಮೆ. ಆರನೇ ಶತಮಾನದಲ್ಲಿ, ಅದಿನ್ನೂ ಕಾನ್‌ಸ್ಟಾಂಟಿನೋಪಲ್ ಆಗಿದ್ದಾಗ, ಜಸ್ಟಿನಿಯನ್ ದೊರೆಗಾಗಿ ಸನ್ಯಾಸಿಗಳು ರೇಷ್ಮೆಹುಳುವಿನ ಮೊಟ್ಟೆಗಳನ್ನು ಪೂರ್ವದಿಂದ ಕದ್ದು ತಂದರು. ಕೋಲಿನ ಟೊಳ್ಳಿನಲ್ಲಿ ಬಚ್ಚಿಟ್ಟು ತಂದರೆಂದು ಕಥೆ. ಮುಂದೆ ಆಟೊಮನ್ನರ ಕಾಲದಲ್ಲಿ ಹತ್ತಿರದ ಬುರ್ಸಾ ಪಟ್ಟಣ ರೇಷ್ಮೆಯ ಪೇಟೆಯಾಯಿತು. ಅಲ್ಲಿ 1491ರಲ್ಲಿ ಕಟ್ಟಿಸಿದ ಕೋಝಾ ಹಾನ್ ಎಂಬ ಗೂಡಿನ ಛತ್ರ ಇಂದಿಗೂ ನಿಂತಿದೆ, ಈಗ ಪ್ರವಾಸಿಗರಿಗೆ ರೇಷ್ಮೆ ಶಾಲು ಮಾರುತ್ತಿದೆ.

ಇಸ್ತಾಂಬುಲ್ ಜೊತೆ ನಮ್ಮ ಸೀಮೆಗೆ ನಂಟೂ ಉಂಟು. ಇಲ್ಲೇ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ 1786ರಲ್ಲಿ ಆಟೊಮನ್ ಸುಲ್ತಾನನ ಬಳಿಗೆ ದೊಡ್ಡ ನಿಯೋಗವನ್ನೇ ಕಳಿಸಿದ. ಮಸ್ಕತ್, ಬಸ್ರಾ ದಾಟಿ ಇಸ್ತಾಂಬುಲ್ ಸೇರಿದ ಆ ತಂಡದಲ್ಲಿ ಬಹಳಷ್ಟು ಮಂದಿ ಕಾಯಿಲೆಗೆ ಬಲಿಯಾದರು. ಹಾಗೆಂದು ನಮ್ಮ ರೇಷ್ಮೆ ಅಲ್ಲಿಂದ ಬಂತೆಂದುಕೊಳ್ಳಬಾರದು. ಅದೇ ದಶಕದಲ್ಲಿ ಟಿಪ್ಪು ಹುಳು ತರಿಸಿಕೊಂಡಿದ್ದು ಬಂಗಾಳದಿಂದ.

ಇಲ್ಲಿಯ ಗಡಿ ಖಂಡಗಳದ್ದಲ್ಲ, ಕನ್ನಡ ತೆಲುಗು ಭಾಷೆಗಳದು. ಗೌರಿಬಿದನೂರಿನ ಆಚೆ ಹಿಂದೂಪುರ, ಚಿಂತಾಮಣಿಯ ಆಚೆ ಮದನಪಲ್ಲಿ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದ ಸಂತಕವಿ ನಾರಾಯಣಪ್ಪ, ನಮ್ಮೆಲ್ಲರ ತಾತಯ್ಯ, ತೆಲುಗು ಕನ್ನಡ ಎರಡರಲ್ಲೂ ಹಾಡಿದ್ದನ್ನು ಯಾರೂ ವಿಶೇಷವೆಂದು ಎತ್ತಿ ಆಡುವುದಿಲ್ಲ. ಗೂಡಿನ ವಹಿವಾಟೂ ಹಾಗೆಯೇ. ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವವರು ಹಳ್ಳಿಯ ರೈತರು, ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಪಟ್ಟಣದ ಮುಸ್ಲಿಂ ಕುಟುಂಬದವರು, ನೂಲು ಹೋಗುವುದು ಧರ್ಮಾವರಕ್ಕೆ, ಕಂಚಿಗೆ, ಬನಾರಸ್ಸಿಗೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಒಲೆ ಉರಿಯುವುದಿಲ್ಲ. ಸೌಹಾರ್ದದ ಭಾಷಣಗಳಿಗಿಂತ ಈ ಲೆಕ್ಕಾಚಾರವನ್ನು ನಾನು ಹೆಚ್ಚು ನಂಬುತ್ತೇನೆ.

ರೈತ, ರೀಲರ್ ಇಬ್ಬರ ನಡುವೆ ಸರ್ಕಾರ ಏಕೆ ಬಂತು? ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ ಹಣ್ಣಾದ ಹುಳು ಗೂಡು ಕಟ್ಟಲು ಇಟ್ಟ ಚಂದ್ರಿಕೆ ತಟ್ಟೆ ಹತ್ತಿ ಗೂಡು ಕಟ್ಟಿದ ಮೇಲೆ ಚಿಟ್ಟೆ ಗೂಡು ಕೊರೆದು ಹೊರಬರಲು ಹೆಚ್ಚು ದಿನ ಬೇಕಿಲ್ಲ. ತೂತು ಬಿದ್ದರೆ ಎಳೆ ತುಂಡಾಯಿತು, ಬೆಲೆ ಹೋಯಿತು. ದಿನ ಕಳೆದಂತೆ ತೂಕವೂ ಇಳಿಯುತ್ತದೆ. ನಾಳೆ ನೋಡೋಣ ಎನ್ನುವ ಧೈರ್ಯ ರೈತನಿಗಿಲ್ಲವೆಂದು ಕೊಳ್ಳುವವನಿಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ 1959ರ ಕಾಯ್ದೆ, ತೆರೆದ ಹರಾಜು, ಸರ್ಕಾರಿ ತಕ್ಕಡಿ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದರು. ಈಗ ರೀಲರುಗಳು ಮೊಬೈಲಿನಲ್ಲಿ ದರ ಒತ್ತುತ್ತಾರೆ, ಪರದೆಯ ಮೇಲೆ ಲಾಟಿನ ಬೆಲೆ ಬರುತ್ತದೆ, ಒಪ್ಪದಿದ್ದರೆ ರೈತ ಬೇಡವೆನ್ನಬಹುದು.

ಕೊಂಡ ಗೂಡು ಬಿಚ್ಚಾಣಿಕೆ ಮನೆ ಸೇರಿ ಕುದಿನೀರಿಗೆ ಬೀಳುತ್ತದೆ. ಅಂಟು ಮೆತ್ತಗಾಗಿ ಎಳೆಯ ತುದಿ ಬಿಡುತ್ತದೆ. ಹಲವು ಗೂಡುಗಳ ಎಳೆ ಸೇರಿಸಿ ರಾಟೆಗೆ ಸುತ್ತಿದರೆ ಒಂದು ನೂಲು. ಒಳ್ಳೆಯ ದ್ವಿತಳಿ ಗೂಡೊಂದರಲ್ಲೇ ಸಾವಿರ ಮೀಟರಿಗೂ ಉದ್ದದ ಎಳೆ ಇರುತ್ತದೆ. ಬಿಸಿನೀರಲ್ಲಿ ದಿನವಿಡೀ ಅದ್ದಿದ ಕೈಯ ಬೆರಳುಗಳು ಬಿಳಿಚಿ ಸುಲಿದಿರುತ್ತವೆ. ಸೀರೆ ಅಂಗಡಿಯ ಬೆಳಕಿನಲ್ಲಿ ಇದು ಯಾರಿಗೂ ಕಾಣುವುದಿಲ್ಲ.

ನೂಲು ಬಿಚ್ಚಲು ಚರಕ, ಕಾಟೇಜ್ ಬೇಸಿನ್, ಮಲ್ಟಿಎಂಡ್ ಎಂಬ ಸಾಧನಗಳೆಲ್ಲ ಆದ ಮೇಲೆ ಈಗ ಸ್ವಯಂಚಾಲಿತ ಯಂತ್ರಗಳ ಕಾಲ. ಅವುಗಳ ನೂಲು ಒಂದೇ ಸಮ, ಬೇಡಿಕೆಯೂ ಹೆಚ್ಚು. ಆದರೆ ಅವಕ್ಕೆ ಒಂದೇ ಗುಣದ ದ್ವಿತಳಿ ಗೂಡು ರಾಶಿಗಟ್ಟಲೆ ಬೇಕು. ಮಳೆಗೋ ರೋಗಕ್ಕೋ ಸಿಕ್ಕಿ ಸೊರಗಿದ ಗೂಡನ್ನು ಅವು ಮುಟ್ಟುವುದಿಲ್ಲ; ಅಂಥದ್ದನ್ನೂ ಕೊಂಡು ದಪ್ಪ ನೂಲು ತೆಗೆಯುವುದು ಚರಕದವರೇ. ಚರಕದ ಮನೆಗಳು ಕಡಿಮೆಯಾದಷ್ಟೂ ಬೆಳೆ ಕೆಟ್ಟ ವರ್ಷ ರೈತನ ಲಾಟಿನ ಮುಂದೆ ನಿಲ್ಲುವವರು ಕಡಿಮೆಯಾಗುತ್ತಾರೆ.